ಹಿಡಿ ಉಪ್ಪಿನ ಲೆಕ್ಕ

ಈ ಲೇಖನದ ವಿಷಯ ಮಾಂಸ. ಶಾಕಾಹಾರಿಗಳಾದ ಗುರುಗಳೂ ಗೆಳೆಯರೂ ಈ ಪುಟಗಳನ್ನು ಮಗುಚಿ ಮುಂದಿನ ಕವಿತೆಗೆ ಹೋದರೆ ನಾನು ಬೇಸರಿಸುವವನಲ್ಲ. ಆದರೆ ಹೋಗುವ ಮುನ್ನ ಒಂದು ಮಾತನ್ನು ಕೇಳಿಹೋಗಬೇಕು. ಅವರ ಮನೆಯ ಅಟ್ಟದ ಮೇಲೆ ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ಕುಳಿತಿರುವ ಮಾವಿನ ಮಿಡಿಯ ಜಾಡಿಗೂ ನಾನು ಹೇಳಹೊರಟಿರುವ ಪದಾರ್ಥಕ್ಕೂ ಹತ್ತಿರದ ನೆಂಟಸ್ತನವಿದೆ. ಎರಡರಲ್ಲಿಯೂ ಕೆಲಸ ಮಾಡುವುದು ಉಪ್ಪು. ಎರಡರಲ್ಲಿಯೂ ಮಾಡುವವರು ನೆಚ್ಚುವುದು ಕೈಯಳತೆಯನ್ನು. ಎರಡೂ ಕೆಟ್ಟಾಗ ದೂರು ಬೀಳುವುದು ಕೈಗುಣದ ಮೇಲೆ. ಈ ಕೊನೆಯ ಮಾತಿಗಾಗಿಯೇ ನಾನು ಈ ಲೇಖನವನ್ನು ಬರೆಯಲು ಕುಳಿತದ್ದು.

ಬ್ರೆಡ್ಡಿನ ಎರಡು ಹೋಳುಗಳ ನಡುವೆ ಮಾಂಸವನ್ನಿಟ್ಟು ತಿನ್ನುವ ರೂಢಿಗೆ ಸ್ಯಾಂಡ್‌ವಿಚ್ ಎಂಬ ಹೆಸರು ಬಂದದ್ದು ಜಾನ್ ಮಾಂಟೆಗು ಎಂಬ ಇಂಗ್ಲಿಷ್ ಶ್ರೀಮಂತನಿಂದ. ಈತ ಸ್ಯಾಂಡ್‌ವಿಚ್ ಎಂಬ ಊರಿನ ಹೆಸರಿನ ಪದವಿಯನ್ನು ಹೊಂದಿದ್ದ ನಾಲ್ಕನೆಯ ಅರ್ಲ್. 1718ರಲ್ಲಿ ಹುಟ್ಟಿ 1792ರಲ್ಲಿ ತೀರಿಕೊಂಡವನು. ಇಸ್ಪೀಟಿನ ಮೇಜು ಬಿಟ್ಟೇಳಲು ಮನಸ್ಸಿಲ್ಲದೆ ಊಟವನ್ನು ಅಲ್ಲಿಗೇ ತರಿಸಿಕೊಂಡನೆಂಬ ಕಥೆ ಪ್ರಸಿದ್ಧವಾಗಿದೆ. ಕಥೆ ಹೇಗಾದರೂ ಇರಲಿ, ಚರಿತ್ರಕಾರ ಗಿಬ್ಬನ್ನನು 1762ರಲ್ಲಿಯೇ ತನ್ನ ದಿನಚರಿಯಲ್ಲಿ ಈ ತಿಂಡಿಯ ಹೆಸರನ್ನು ಬರೆದಿದ್ದಾನೆ. ನಮಗೆ ಬೇಕಾದದ್ದು ಬ್ರೆಡ್ಡಲ್ಲ, ನಡುವಿನ ವಸ್ತು. ಬಿಸಿ ಸಾರಿನ ಮಾಂಸವನ್ನು ಬ್ರೆಡ್ಡಿನ ನಡುವೆ ಇಟ್ಟರೆ ಬ್ರೆಡ್ಡು ನೆನೆದು ಕೈಗೆ ಬರುತ್ತದೆ. ಅಲ್ಲಿಗೆ ಬೇಕಾದದ್ದು ತಣ್ಣಗಿದ್ದರೂ ರುಚಿಗೆಡದ, ತೆಳ್ಳಗೆ ಕೊಯ್ದರೂ ಪುಡಿಯಾಗದ, ಒಳಗಿನವರೆಗೂ ಉಪ್ಪು ಹಿಡಿದ ಮಾಂಸ. ಇಂಥದನ್ನು ನಾಡುನಾಡುಗಳಲ್ಲಿ ಜನ ತಮ್ಮ ತಮ್ಮ ರೀತಿಯಲ್ಲಿ ಮಾಡಿಕೊಂಡಿದ್ದಾರೆ. ಇಂಗ್ಲಿಷಿನಲ್ಲಿ ಕಾರ್ನ್ಡ್ ಬೀಫ್ ಎಂಬುದೊಂದುಂಟು. ಮೆಕ್ಕೆಜೋಳಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ; ಹಳೆಯ ಇಂಗ್ಲಿಷಿನಲ್ಲಿ ಕಾರ್ನ್ ಎಂದರೆ ಕಾಳು. ಕಾಳುಕಾಳಾದ ಉಪ್ಪನ್ನು ತಿಕ್ಕಿದ ಮಾಂಸವೆಂಬುದೇ ಆ ಹೆಸರಿನ ಅರ್ಥ. ನಮ್ಮ ಕಲ್ಲುಪ್ಪೇ ಅದು. ಈ ಕಾಳಿನ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ನಾನು ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಜಾನ್ ಟೇಲರ್ ಕಂಪನಿಯವರು 1880ರಲ್ಲಿ ಅಲ್ಲಿ ಗಣಿ ಕೆಲಸವನ್ನು ಕೈಗೆತ್ತಿಕೊಂಡ ಬಳಿಕ ಇಂಗ್ಲಿಷರೂ ಆಂಗ್ಲೋ-ಇಂಡಿಯನ್ನರೂ ಬಂದು ನೆಲಸಿದರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದು ನಮ್ಮ ಊರಿನ ಗಣಿಗಳನ್ನು ನಡೆಸಿತೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಊರಿನವರು ಅನೇಕರು ಊರು ಬಿಟ್ಟರು. ಬಿಡದೆ ಉಳಿದ ಕೆಲವರಲ್ಲಿ ನಮ್ಮ ಪಕ್ಕದ ಮನೆಯ ಆಂಟಿಯೂ ಒಬ್ಬರು. ಅವರ ಹೆಸರು ಬೇಡ. ಕೇರಿಯಲ್ಲಿ ಎಲ್ಲರಿಗೂ ಅವರು ಆಂಟಿಯೇ. ಮಗಳು ಆಸ್ಟ್ರೇಲಿಯಾದಲ್ಲಿದ್ದಾಳೆ. ಮನೆಯಲ್ಲಿ ಆಂಟಿ ಒಬ್ಬರೇ.

ಈ ಆಂಟಿ ಕ್ರಿಸ್‌ಮಸ್ಸಿಗೆ ಹತ್ತು ಹನ್ನೆರಡು ದಿನ ಮುಂಚೆ ‘ಸಾಲ್ಟ್ ಮೀಟ್’ ಹಾಕುತ್ತಿದ್ದರು. ಹಾಕುವುದು ಎಂಬುದೇ ಅವರ ಮಾತು. ಉಪ್ಪಿನಕಾಯಿ ಹಾಕುವ ಹಾಗೆ. ದೊಡ್ಡ ಮಾಂಸದ ತುಂಡನ್ನು ಫೋರ್ಕಿನಿಂದ ಸುತ್ತಲೂ ಚುಚ್ಚಿ, ನಿಂಬೆರಸ, ಉಪ್ಪು, ಬೆಲ್ಲ, ಒಂದು ಚಮಚ ಪೆಟ್ಲುಪ್ಪು ಇವನ್ನು ತಿಕ್ಕಿ ಪಿಂಗಾಣಿ ಬೋಗುಣಿಯಲ್ಲಿಟ್ಟು, ಮೇಲೊಂದು ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ರುಬ್ಬುಗುಂಡನ್ನು ಹೇರುತ್ತಿದ್ದರು. ಪ್ರತಿ ದಿನ ಬೆಳಿಗ್ಗೆ ಗುಂಡನ್ನಿಳಿಸಿ ತುಂಡನ್ನು ಮಗುಚಿ, ಮತ್ತೆ ಚುಚ್ಚಿ, ಮತ್ತೆ ಗುಂಡು. ಹಬ್ಬದ ಹಿಂದಿನ ದಿನ ನೀರಿನಲ್ಲಿ ನೆನೆಹಾಕಿ, ನೀರು ಬದಲಿಸಿ, ಮೆಣಸು ಲವಂಗ ಚಕ್ಕೆ ಹಾಕಿ ಬೇಯಿಸುತ್ತಿದ್ದರು. ಆರಿದ ಮೇಲೆ ಕಾಗದದಷ್ಟು ತೆಳ್ಳಗೆ ಕೊಯ್ದು, ಸಾಸಿವೆಯ ಗೊಜ್ಜು ಸವರಿದ ಬ್ರೆಡ್ಡಿನ ನಡುವೆ ಇಟ್ಟು ಕೇರಿಯ ಮಕ್ಕಳಿಗೆಲ್ಲ ಕೊಡುತ್ತಿದ್ದರು. ಮಾಂಸ ಒಳಗೆ ದಾಸವಾಳದ ಬಣ್ಣಕ್ಕಿರುತ್ತಿತ್ತು. ಹುಡುಗರಾಗಿದ್ದ ನಮಗೆ ಆ ಬಣ್ಣವೇ ಒಂದು ಬೆರಗು.

ಕೆಲವು ವರ್ಷಗಳ ಹಿಂದೆ ಒಂದು ಕ್ರಿಸ್‌ಮಸ್ಸಿನಲ್ಲಿ ಆ ಮಾಂಸ ಬಾಯಿಗಿಡಲಾರದಷ್ಟು ಉಪ್ಪಾಯಿತು. ಎರಡು ಸಲ ನೀರು ಬದಲಿಸಿದರೂ ಇಳಿಯಲಿಲ್ಲ. ನಾವು ಮುಖ ಸಿಂಡರಿಸದೆ ತಿನ್ನಲು ಪ್ರಯತ್ನಿಸಿದೆವು, ಆಂಟಿ ನೋಡಿಬಿಟ್ಟರು. “ಅಷ್ಟೇ ಬಾಬಾ, ನನ್ನ ಕೈ ಹೋಯ್ತು” ಎಂದರು. ಮರುವರ್ಷ ಹಾಕಲಿಲ್ಲ. ಅದರ ಮರುವರ್ಷವೂ ಹಾಕಲಿಲ್ಲ. ಮಗಳು ಅಲ್ಲಿಂದ ಫೋನು ಮಾಡಿ ಅಳತೆ ಕೇಳಿದಾಗ, “ನನಗೇ ಮರೆತುಹೋಗಿದೆ, ನಿನಗೇನು ಹೇಳಲಿ” ಎಂದರಂತೆ. ವಯಸ್ಸಾದವರು ಒಂದು ಅಡಿಗೆ ಕೆಟ್ಟಿತೆಂದು ತಮ್ಮ ಬುದ್ಧಿಯನ್ನೇ ಸಂದೇಹಿಸುವುದನ್ನು ನೋಡಿದವರಿಗೆ ಇದು ಉಪ್ಪಿನ ಮಾತ್ರ ವಿಷಯವಲ್ಲವೆಂದು ತಿಳಿದೀತು.

ನಾನು ಚರಿತ್ರೆಯ ವಿದ್ಯಾರ್ಥಿ. ಒಂದು ಘಟನೆಗೆ ಒಬ್ಬರ ಮಾತನ್ನೇ ಪ್ರಮಾಣವೆಂದು ಹಿಡಿಯಬಾರದು, ಇನ್ನೊಂದು ಸಾಕ್ಷ್ಯವನ್ನು ಹುಡುಕಬೇಕೆಂದು ನಮ್ಮ ಅಧ್ಯಾಪಕರು ಹೇಳುತ್ತಲೇ ಇರುತ್ತಾರೆ. ಹೋದ ವರ್ಷ ಡಿಸೆಂಬರಿನಲ್ಲಿ ರಜೆಗೆ ಊರಿಗೆ ಹೋಗಿದ್ದಾಗ ಕಿರಾಣಿ ಅಂಗಡಿಯವರಿಂದ ತಕ್ಕಡಿಯೊಂದನ್ನು ಸಂಜೆಯ ಮಟ್ಟಿಗೆ ಕೇಳಿ ತಂದೆ. ಈಗಿನ ಅಂಕಿ ತೋರಿಸುವ ತಕ್ಕಡಿ. ಆಂಟಿಯ ಅಡಿಗೆಮನೆಯ ಮೇಜಿನ ಮೇಲಿಟ್ಟು, “ಆಂಟಿ, ಎರಡು ಕಿಲೋ ಮಾಂಸಕ್ಕೆ ಎಷ್ಟು ಹಿಡಿ ಉಪ್ಪು?” ಎಂದೆ. “ನಾಲ್ಕು ಹಿಡಿ. ನಮ್ಮಮ್ಮನ ಕಾಲದಿಂದ ನಾಲ್ಕೇ” ಎಂದರು. ಅವರ ಅಡಿಗೆಮನೆಯಲ್ಲಿದ್ದದ್ದು ಪ್ಯಾಕೆಟ್ಟಿನ ಪುಡಿಯುಪ್ಪು. ಒಂದು ಹಿಡಿ ಹಾಕಿಸಿದೆ: 55 ಗ್ರಾಂ. ಇನ್ನೊಂದು ಹಿಡಿ 58, ಮೂರನೆಯದು 54. ಬೆರಳಿನ ಗಂಟುಗಳು ಊದಿಕೊಂಡ ಕೈಯಿಂದ ಇಷ್ಟು ಸಮನಾಗಿ ಹಾಕುವುದು ನನ್ನಿಂದಂತೂ ಆಗದು; ನಾನು ಹಾಕಿ ನೋಡಿದಾಗ ನನ್ನವು 40ರಿಂದ 70ರವರೆಗೆ ಕುಣಿದವು. ಅಲ್ಲಿಗೆ ಕೈ ಹೋಗಿಲ್ಲವೆಂಬುದು ಸ್ಪಷ್ಟವಾಯಿತು. ಆಮೇಲೆ, ಏನೋ ಹೊಳೆದು, ನಮ್ಮ ಮನೆಗೆ ಹೋಗಿ ಅಮ್ಮ ಉಪ್ಪಿನಕಾಯಿಗೆಂದು ಇಟ್ಟಿದ್ದ ಕಲ್ಲುಪ್ಪನ್ನು ತಂದು ಅದೇ ಕೈಗೆ ಕೊಟ್ಟೆ. 41, 38, 43.

ಮರೆತದ್ದು ಆಂಟಿಯಲ್ಲ, ಬದಲಾದದ್ದು ಉಪ್ಪು. ಕಾಳು ದೊಡ್ಡದಾದಷ್ಟೂ ಕಾಳುಗಳ ನಡುವೆ ಗಾಳಿ ಹೆಚ್ಚು. ಪುಡಿ ಒತ್ತಾಗಿ ಕೂಡುತ್ತದೆ. ಅದೇ ಹಿಡಿಯಲ್ಲಿ ಪುಡಿಯುಪ್ಪು ಕಲ್ಲುಪ್ಪಿಗಿಂತ ಮೂರರಲ್ಲೊಂದು ಪಾಲು ಹೆಚ್ಚು ತೂಗಿತು. ನಾಲ್ಕು ಹಿಡಿ ಕಲ್ಲುಪ್ಪು ಸುಮಾರು 164 ಗ್ರಾಂ. ನಾಲ್ಕು ಹಿಡಿ ಪುಡಿಯುಪ್ಪು ಸುಮಾರು 224. ಅಂದರೆ ಎರಡು ಕಿಲೋ ಮಾಂಸಕ್ಕೆ 60 ಗ್ರಾಂ ಉಪ್ಪು ಯಾರಿಗೂ ತಿಳಿಯದಂತೆ ಒಳಗೆ ಹೋಗಿತ್ತು. ಆ ವರ್ಷ ಅಂಗಡಿಯಲ್ಲಿ ಕಲ್ಲುಪ್ಪು ಸಿಗದೆ ಪ್ಯಾಕೆಟ್ಟು ತಂದದ್ದು ಆಂಟಿಗೆ ಆಗ ನೆನಪಾಯಿತು. ಅವರು ತಕ್ಕಡಿಯನ್ನು ಬಹಳ ಹೊತ್ತು ನೋಡಿದರು. “ಮೂರು ವರ್ಷ ಸುಮ್ಮನೆ ಹೋಯ್ತಲ್ಲ ಮ್ಯಾನ್” ಎಂದರು.

ಇನ್ನು ಉಪ್ಪು ಮಾಡುವ ಕೆಲಸವೇನೆಂಬುದನ್ನು ನೋಡೋಣ. ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿದ ಮರುದಿನ ಜಾಡಿಯೊಳಗೆ ನೀರು ನಿಂತಿರುವುದನ್ನು ಎಲ್ಲರೂ ನೋಡಿದ್ದಾರೆ. ಯಾರೂ ನೀರು ಹಾಕಿಲ್ಲ. ಮಿಡಿಯೇ ಬಿಟ್ಟ ನೀರು ಅದು. ಮಿಡಿ ಸುಕ್ಕಾಗುತ್ತದೆ. ಮಾಂಸದಲ್ಲಿಯೂ ಹೀಗೆಯೇ. ಹೊರಗೆ ಉಪ್ಪು ದಟ್ಟವಾಗಿರುವಾಗ ಒಳಗಿನ ನೀರು ಹೊರಗೆ ಬರುತ್ತದೆ. ಆ ನೀರಿನಲ್ಲಿ ಉಪ್ಪು ಕರಗಿ, ಕರಗಿದ ಉಪ್ಪು ನಿಧಾನವಾಗಿ ಒಳಕ್ಕೆ ನಡೆಯುತ್ತದೆ. ಮಾಂಸವನ್ನು ಕೆಡಿಸುವ ಸೂಕ್ಷ್ಮಜೀವಿಗಳಿಗೂ ಇದೇ ಗತಿ. ಅವುಗಳ ದೇಹದ ನೀರನ್ನೂ ಉಪ್ಪು ಎಳೆಯುತ್ತದೆ. ಮಾಂಸದಲ್ಲಿ ಮಿಕ್ಕ ನೀರೂ ಉಪ್ಪಿಗೆ ಕಟ್ಟುಬಿದ್ದು ಅವುಗಳ ಉಪಯೋಗಕ್ಕೆ ಸಿಗದಂತಾಗುತ್ತದೆ. ಉಪ್ಪು ಜೀವಿಗಳನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಉಪವಾಸ ಕೆಡವುತ್ತದೆಯೆಂದು ಹೇಳಬಹುದು.

ಇನ್ನೊಂದು ಕೆಲಸ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಮಾಂಸದ ಎಳೆಗಳಲ್ಲಿರುವ ಕೆಲವು ಪ್ರೋಟೀನುಗಳು ಬರೀ ನೀರಿನಲ್ಲಿ ಕರಗವು, ಉಪ್ಪುನೀರಿನಲ್ಲಿ ಕರಗುತ್ತವೆ. ಕರಗಿ ಅಂಟಿನಂತಾಗಿ, ಬೇಯಿಸಿದಾಗ ಗಟ್ಟಿಯಾಗಿ ಎಳೆಗಳನ್ನು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಬೇಯುವಾಗ ನೀರು ಸೋರಿಹೋಗದಂತೆಯೂ ತಡೆಯುತ್ತವೆ. ಸಾಮಾನ್ಯ ಬೇಯಿಸಿದ ಮಾಂಸವನ್ನು ತೆಳ್ಳಗೆ ಕೊಯ್ಯಲು ಹೋದರೆ ನಾರುನಾರಾಗಿ ಉದುರುವುದು, ಉಪ್ಪು ಹಿಡಿದ ಮಾಂಸ ಹಾಳೆಯಂತೆ ಬರುವುದು, ಇದರಿಂದ. ಸ್ಯಾಂಡ್‌ವಿಚ್ಚಿಗೆ ಇದೇ ಮುಖ್ಯ. ಮಸಾಲೆ ಎರಡನೆಯ ಮಾತು.

ಉಪ್ಪು ಒಳಕ್ಕೆ ನಡೆಯುವ ವೇಗ ಬಹಳ ಕಡಿಮೆ. ಮಾಂಸದ ದಪ್ಪ ಎರಡರಷ್ಟಾದರೆ ಉಪ್ಪು ನಡುಮಧ್ಯಕ್ಕೆ ಮುಟ್ಟಲು ಎರಡರಷ್ಟಲ್ಲ, ನಾಲ್ಕರಷ್ಟು ಕಾಲ ಬೇಕು. ಹೊರಗೆ ಉಪ್ಪಾಗಿ ನಡುವೆ ಸಪ್ಪೆಯಾಗಿ ಉಳಿದ ತುಂಡು ಕೆಡುವುದು ನಡುವಿನಿಂದಲೇ, ಅದರಲ್ಲೂ ಮೂಳೆಯ ಪಕ್ಕದಿಂದ. ಆದ್ದರಿಂದ ಮನೆಯಲ್ಲಿ ಮಾಡುವವರು ಮೂಳೆಯಿಲ್ಲದ, ಚಪ್ಪಟೆಯಾದ, ಎರಡು ಅಂಗುಲಕ್ಕೆ ಮೀರದ ತುಂಡನ್ನೇ ಆರಿಸಬೇಕು. ದೊಡ್ಡ ತುಂಡಿನ ವೈಭವ ನೋಡಲು ಚೆನ್ನ.

ಆಂಟಿಯ ತಾಯಿಯ ಕಾಲದ ಕ್ರಮದಲ್ಲಿ ಮಾಂಸದ ತೂಕದ ನೂರಕ್ಕೆ ಎಂಟು ಪಾಲು ಉಪ್ಪು ಬೀಳುತ್ತಿತ್ತು. ಅಷ್ಟನ್ನು ಯಾರೂ ತಿನ್ನಲಾರರು. ಅದಕ್ಕೇ ಕೊನೆಗೆ ನೆನೆಹಾಕಿ ಉಪ್ಪನ್ನು ಹಿಂದಕ್ಕೆ ತೆಗೆಯುವ ಕೆಲಸ. ಮೇಲ್ನೋಟಕ್ಕೆ ಇದು ಹುಚ್ಚಾಟವೆನ್ನಿಸುತ್ತದೆ. ಆದರೆ ಆಗ ಫ್ರಿಜ್ಜಿರಲಿಲ್ಲ. ನಮ್ಮ ಊರಿನ ಡಿಸೆಂಬರಿನ ಚಳಿ ನಮಗೆ ಚಳಿ, ಸೂಕ್ಷ್ಮಜೀವಿಗಳಿಗೆ ಅದು ಹಿತವಾದ ಹವೆ. ಸುಮಾರು 5 ಡಿಗ್ರಿಯಿಂದ 60 ಡಿಗ್ರಿ ಸೆಂಟಿಗ್ರೇಡಿನವರೆಗಿನ ಉಷ್ಣಮಾನದಲ್ಲಿ ಅವು ಬೆಳೆಯಬಲ್ಲವು. ಉಪ್ಪು ಒಳಗೆ ಮುಟ್ಟುವುದೂ ಕೊಳೆತ ಒಳಗೆ ಮುಟ್ಟುವುದೂ ಪಂದ್ಯಕ್ಕೆ ಬಿದ್ದಂತೆ ಓಡುತ್ತಿದ್ದ ಆ ಕಾಲದಲ್ಲಿ ಉಪ್ಪನ್ನು ಹೆಚ್ಚಾಗಿ ಹೇರಿ ಗೆಲ್ಲಿಸುವುದೊಂದೇ ದಾರಿಯಾಗಿತ್ತು. ನಿಂಬೆಯ ಹುಳಿಯೂ ಅದಕ್ಕೆ ಸಹಾಯಕ. ಈಗ ಫ್ರಿಜ್ಜು ಪಂದ್ಯದ ಒಂದು ಕಡೆಯವರ ಕಾಲು ಕಟ್ಟಿಹಾಕಿರುವಾಗ ಅಷ್ಟು ಉಪ್ಪು ಬೇಕಿಲ್ಲ. ಕೊನೆಗೆ ಎಷ್ಟು ಉಪ್ಪು ರುಚಿಯೋ ಅಷ್ಟನ್ನೇ ತೂಗಿ ಹಾಕಿ, ಅದೆಲ್ಲ ಮಾಂಸದಲ್ಲಿ ಸಮನಾಗಿ ಹರಡುವವರೆಗೆ ಕಾಯ್ದರಾಯಿತು. ನೂರಕ್ಕೆ ಎರಡೂವರೆ ಪಾಲು ಸಾಕು. ಹೀಗೆ ಮಾಡಿದಾಗ ಒಂದೆರಡು ದಿನ ಹೆಚ್ಚು ಬಿಟ್ಟರೂ ಉಪ್ಪು ಹೆಚ್ಚಾಗುವ ಭಯವಿಲ್ಲ. ಹಾಕದ ಉಪ್ಪು ಎಲ್ಲಿಂದ ಬರಬೇಕು?

ಪೆಟ್ಲುಪ್ಪಿನ ವಿಷಯ ಬೇರೆ. ಹೆಸರಿನಲ್ಲಿಯೇ ಮದ್ದಿನ ಸದ್ದಿದೆ. ಬಂದೂಕಿನ ಮದ್ದಿನಲ್ಲಿ ಮುಕ್ಕಾಲು ಪಾಲು ಇದೇ. ಬಿಹಾರದ ಮಣ್ಣಿನಿಂದ ತೆಗೆದ ಪೆಟ್ಲುಪ್ಪಿನ ವ್ಯಾಪಾರವನ್ನು ಈಸ್ಟ್ ಇಂಡಿಯಾ ಕಂಪನಿ 1758ರಲ್ಲಿ ತನ್ನೊಬ್ಬನ ಹಿಡಿತಕ್ಕೆ ತೆಗೆದುಕೊಂಡದ್ದು ಯುದ್ಧಕ್ಕಾಗಿಯೇ ಹೊರತು ಹಂದಿಯ ತೊಡೆಗಾಗಿ ಅಲ್ಲ. ಆದರೂ ಯುರೋಪಿನ ಅಡಿಗೆಯವರು ಬಹಳ ಹಿಂದೆಯೇ ಒಂದನ್ನು ಕಂಡುಕೊಂಡಿದ್ದರು: ಬರೀ ಉಪ್ಪು ಹಾಕಿದ ಮಾಂಸ ಬೆಂದ ಮೇಲೆ ಬೂದಿ ಬಣ್ಣ, ಚಿಟಿಕೆ ಪೆಟ್ಲುಪ್ಪು ಬಿದ್ದದ್ದು ಕೆಂಪು. ಏಕೆಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ತಿಳಿದಿರಲಿಲ್ಲ. ಪೆಟ್ಲುಪ್ಪು ಪೊಟ್ಯಾಸಿಯಂ ನೈಟ್ರೇಟ್; ಮಾಂಸದಲ್ಲಿನ ಕೆಲವು ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ; ನೈಟ್ರೈಟಿನಿಂದ ಹುಟ್ಟುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಮಾಂಸದ ಬಣ್ಣದ ವಸ್ತುವಿನೊಡನೆ ಕೂಡಿಕೊಂಡು ಬೇಯಿಸಿದರೂ ಮಾಸದ ಕೆಂಪನ್ನು ಕೊಡುತ್ತದೆ. ಈ ಕೆಂಪಿನ ರಸಾಯನವನ್ನು 1901ರಲ್ಲಿ ವಿವರಿಸಿದವನು ಜೆ. ಎಸ್. ಹಾಲ್ಡೇನ್. ಮುಂದೆ ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೆ. ಬಿ. ಎಸ್. ಹಾಲ್ಡೇನರು ಈತನ ಮಗ.

ನೈಟ್ರೈಟ್ ಬಣ್ಣವನ್ನು ಮಾತ್ರವೇ ಕೊಡುವುದಿಲ್ಲ; ಬಾಟ್ಯುಲಿಸಂ ಎಂಬ ಭೀಕರ ವಿಷವನ್ನು ಉಂಟುಮಾಡುವ ಜೀವಿಯನ್ನೂ ತಡೆಯುತ್ತದೆ. ಈ ಜೀವಿ ಪತ್ತೆಯಾದದ್ದೇ ಉಪ್ಪಿನ ಮಾಂಸದಿಂದ. 1895ರ ಡಿಸೆಂಬರಿನಲ್ಲಿ ಬೆಲ್ಜಿಯಂ ದೇಶದ ಎಲ್ಲೆಝೆಲ್ ಎಂಬ ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದ ಮೇಳದವರು ಉಪ್ಪಿನಲ್ಲಿಟ್ಟ, ಬೇಯಿಸದ ಹಂದಿಯ ತೊಡೆಯನ್ನು ತಿಂದರು. ಅನೇಕರಿಗೆ ಕಣ್ಣು ಮಂಜಾಗಿ, ಗಂಟಲು ಕಟ್ಟಿ, ಕೈಕಾಲು ಸೋತವು. ಮೂವರು ಸತ್ತರು. ಎಮಿಲ್ ವಾನ್ ಎರ್ಮೆಂಜೆಮ್ ಎಂಬ ವಿಜ್ಞಾನಿ ಆ ಮಾಂಸದ ಉಳಿಕೆಯಿಂದಲೂ ಸತ್ತವನೊಬ್ಬನ ದೇಹದಿಂದಲೂ ಆ ಜೀವಿಯನ್ನು ಬೇರ್ಪಡಿಸಿ 1897ರಲ್ಲಿ ವರದಿ ಮಾಡಿದನು. ಲ್ಯಾಟಿನ್ನಿನಲ್ಲಿ ಬಾಟ್ಯುಲಸ್ ಎಂದರೆ ಕರುಳಿನಲ್ಲಿ ತುಂಬಿದ ಮಾಂಸ, ಸಾಸೇಜು. ಗಾಳಿಯಿಲ್ಲದ ಕಡೆ ಬೆಳೆಯುವುದು ಈ ಜೀವಿಯ ಸ್ವಭಾವ. ಮಾಂಸದ ತುಂಡಿನ ಒಡಲು, ಎಣ್ಣೆಯ ತಳ, ಮುಚ್ಚಿದ ಡಬ್ಬಿ ಇವೆಲ್ಲ ಅದಕ್ಕೆ ತವರುಮನೆ. ಅದರ ಬೀಜಗಳು ಕುದಿಯುವ ನೀರಿಗೂ ಬಗ್ಗುವುದಿಲ್ಲ. ಬೆಂದ ಮಾಂಸವನ್ನು ‘ಬೆಂದಿದೆಯಲ್ಲ’ ಎಂದು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವವರು ಇದನ್ನು ಗಮನಿಸಬೇಕು.

ಹಾಗಾದರೆ ಮನೆಯಲ್ಲಿ ಪೆಟ್ಲುಪ್ಪು ಹಾಕಬೇಕೇ? ನನ್ನ ಅಭಿಪ್ರಾಯದಲ್ಲಿ ಬೇಡ. ಪೆಟ್ಲುಪ್ಪಿನಿಂದ ಎಷ್ಟು ನೈಟ್ರೈಟ್ ಆದೀತೆಂದು ಮನೆಯಲ್ಲಿ ಯಾರೂ ಹೇಳಲಾರರು. ಅದು ಸೂಕ್ಷ್ಮಜೀವಿಗಳ ದಯೆ. ಪಾಶ್ಚಾತ್ಯ ದೇಶಗಳಲ್ಲಿ ಈ ಕೆಲಸಕ್ಕೆಂದೇ ಸಾಧಾರಣ ಉಪ್ಪಿನಲ್ಲಿ ನೂರಕ್ಕೆ 6.25ರಷ್ಟು ಸೋಡಿಯಂ ನೈಟ್ರೈಟ್ ಬೆರೆಸಿ, ಊಟದ ಉಪ್ಪೆಂದು ಯಾರೂ ತಪ್ಪು ತಿಳಿಯದಿರಲೆಂದು ಗುಲಾಬಿ ಬಣ್ಣ ಹಚ್ಚಿ ಮಾರುತ್ತಾರೆ. ಅದರ ಪ್ರಮಾಣ ಕಿಲೋ ಮಾಂಸಕ್ಕೆ ಎರಡೂವರೆ ಗ್ರಾಂ ಮಾತ್ರ. ನೈಟ್ರೈಟ್ ಹೆಚ್ಚಾದರೆ ರಕ್ತ ಪ್ರಾಣವಾಯುವನ್ನು ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಅಂಥ ವಸ್ತುವನ್ನು ಹಿಡಿ ಚಮಚಗಳ ಅಡಿಗೆಮನೆಗೆ ತರುವುದು ಸಲ್ಲದು. ನಮ್ಮಲ್ಲಿ ಇನ್ನೊಂದು ತೊಡಕೂ ಉಂಟು: ಸೈಂಧವ ಲವಣವೂ ಗುಲಾಬಿ ಬಣ್ಣದ್ದೇ. ಅದಕ್ಕೂ ಇದಕ್ಕೂ ಬಣ್ಣವೊಂದನ್ನು ಬಿಟ್ಟು ಯಾವ ಸಂಬಂಧವೂ ಇಲ್ಲ. ಹೊಗೆಯಲ್ಲಿಡದೆ, ಗಾಳಿಗೆ ನೇತುಹಾಕದೆ, ಫ್ರಿಜ್ಜಿನಲ್ಲಿಯೇ ಉಪ್ಪಿಟ್ಟು, ಚೆನ್ನಾಗಿ ಬೇಯಿಸಿ, ನಾಲ್ಕು ದಿನದಲ್ಲಿ ತಿಂದು ಮುಗಿಸುವ ಮಾಂಸಕ್ಕೆ ಅದರ ಅಗತ್ಯವಿಲ್ಲ. ಕಳೆದುಕೊಳ್ಳುವುದು ಆ ದಾಸವಾಳದ ಬಣ್ಣವನ್ನು. ಆಂಟಿಗೆ ಇದನ್ನು ಒಪ್ಪಿಸುವುದು ತಕ್ಕಡಿಯನ್ನು ಒಪ್ಪಿಸಿದ್ದಕ್ಕಿಂತ ಕಷ್ಟವಾಯಿತು.

ಇನ್ನು ಮಾಡುವ ಕ್ರಮ. ಮೂಲದಲ್ಲಿ ಇದು ದನದ ಮಾಂಸದ ಅಡಿಗೆ. 2021ರಲ್ಲಿ ಜಾರಿಗೆ ಬಂದ ಜಾನುವಾರು ವಧೆ ಪ್ರತಿಬಂಧಕ ಕಾಯಿದೆಯ ಬಳಿಕ ನಮ್ಮ ರಾಜ್ಯದಲ್ಲಿ ಅದರ ಮಾತಿಲ್ಲ. ನಾವು ಮಾಡಿದ್ದು ಹಂದಿಯ ಹಿಂದೊಡೆಯ ಮೂಳೆಯಿಲ್ಲದ ಮಾಂಸದಲ್ಲಿ, ಒಂದು ಕಿಲೋ. ಅದಕ್ಕೆ 25 ಗ್ರಾಂ ಉಪ್ಪು, 10 ಗ್ರಾಂ ಪುಡಿಬೆಲ್ಲ, ಒರಟಾಗಿ ಕುಟ್ಟಿದ 8 ಗ್ರಾಂ ಕರಿಮೆಣಸು, ನಾಲ್ಕು ಲವಂಗ, ಬೆರಳುದ್ದದ ಚಕ್ಕೆ, ಒಂದು ನಿಂಬೆಹಣ್ಣಿನ ರಸ. ಉಪ್ಪು ಕಲ್ಲೋ ಪುಡಿಯೋ ಎಂಬುದು ಈಗ ಮುಖ್ಯವಲ್ಲ, ತೂಗಿರುವುದರಿಂದ. ಮಸಾಲೆಯನ್ನು ಬಾಣಲೆಯಲ್ಲಿ ಬೆಚ್ಚಗೆ ಹುರಿದು ಕುಟ್ಟಿಕೊಂಡರೆ ಪರಿಮಳ ಹೆಚ್ಚು. ಬೆಲ್ಲ ಉಪ್ಪಿನ ಚುರುಕನ್ನು ತಗ್ಗಿಸುವುದಕ್ಕೆ. ಸಿಹಿ ನಾಲಗೆಗೆ ತಿಳಿಯಬಾರದು.

ಆಂಟಿ ಫೋರ್ಕಿನಿಂದ ಚುಚ್ಚುವುದನ್ನು ಬಿಡಲಿಲ್ಲ. ಚುಚ್ಚಿದಾಗ ಹೊರಗಿನ ಕೊಳೆ ಒಳಗೂ ಹೋಗುತ್ತದೆಯೆಂದು ನಾನು ವಾದಿಸಿದೆ. “ಹೇಗೂ ಬೇಯಿಸ್ತೀವಲ್ಲ” ಎಂದರು. ಆ ಮಾತು ಸರಿಯೇ. ಆದರೆ ಫೋರ್ಕನ್ನು ಕುದಿನೀರಿನಲ್ಲಿ ಅದ್ದಿಸಿದೆ. ಎಲ್ಲವನ್ನೂ ಬೆರೆಸಿ ತುಂಡಿನ ಎಲ್ಲ ಮೈಗೂ ತಿಕ್ಕಿ, ಬೋಗುಣಿಯ ಬದಲು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಹೊರಡಿಸಿ ಕಟ್ಟಿ ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿಟ್ಟೆವು. ತಟ್ಟೆಯೊಂದು ಕೆಳಗಿರಲಿ, ಚೀಲ ಸೋರಿದರೆ ಬೇರೆ ಪದಾರ್ಥಗಳಿಗೆ ತಗುಲಬಾರದು. ಫ್ರಿಜ್ಜು 4 ಡಿಗ್ರಿಗಿಂತ ಹೆಚ್ಚಿರಕೂಡದು. ಮರುದಿನ ಚೀಲದಲ್ಲಿ ನೀರು ನಿಲ್ಲುತ್ತದೆ. ಅದನ್ನು ಚೆಲ್ಲತಕ್ಕದ್ದಲ್ಲ, ಹಾಕಿದ ಉಪ್ಪಿನ ಒಂದು ಭಾಗ ಅದರಲ್ಲಿದೆ. ದಿನಕ್ಕೊಮ್ಮೆ ಚೀಲವನ್ನು ಮಗುಚಬೇಕು. ಎರಡು ಅಂಗುಲದ ತುಂಡಿಗೆ ಎಂಟು ದಿನ. ಆ ವೇಳೆಗೆ ಮಾಂಸ ಮುಟ್ಟಿದರೆ ಒಳಗಿನವರೆಗೂ ಬಿಗಿಯಾಗಿರುತ್ತದೆ. ನಡುವೆ ಮೆತ್ತಗಿದ್ದರೆ ಇನ್ನೆರಡು ದಿನ. ನಡುವೆ ಅರ್ಧ ದಿನ ಕರೆಂಟು ಹೋಗಿ ಫ್ರಿಜ್ಜು ಬೆಚ್ಚಗಾಯಿತೆಂದು ಇಟ್ಟುಕೊಳ್ಳಿ. ಆಗ ಕಾಯುತ್ತ ಕೂರಬಾರದು, ಆದಷ್ಟಕ್ಕೆ ಬೇಯಿಸಿ ಅಂದಿನ ಊಟಕ್ಕೆ ಮುಗಿಸಬೇಕು. ಮೂಗಿಗೆ ಸಂಶಯ ಬಂದದ್ದನ್ನು ತಿಂದು ಪರೀಕ್ಷಿಸುವ ಧೈರ್ಯ ಯಾರಿಗೂ ಬೇಡ. ಇಲ್ಲಿ ನನ್ನದೇ ಒಂದು ಅನುಭವವನ್ನು ಒಪ್ಪಿಕೊಳ್ಳುತ್ತೇನೆ. ಇದಕ್ಕೆ ಮುಂಚೆ ಒಂದು ಬೇಸಗೆಯಲ್ಲಿ, ಫ್ರಿಜ್ಜಿಲ್ಲದ ನನ್ನ ಬಾಡಿಗೆ ಕೋಣೆಯಲ್ಲಿ, ಹಳೆಯ ಕಾಲದವರು ಮಾಡುತ್ತಿರಲಿಲ್ಲವೇ ಎಂಬ ಜಂಬದಿಂದ ಮಾಂಸಕ್ಕೆ ಉಪ್ಪು ತಿಕ್ಕಿ ಇಟ್ಟಿದ್ದೆ. ಮೂರನೆಯ ದಿನ ಕೋಣೆಯ ಜೊತೆಗಾರ ಗಂಟು ಕಟ್ಟಿ ಹೊರಟು ನಿಂತ. ಒಂದೂವರೆ ಕಿಲೋ ಮಾಂಸವೂ ತಿಂಗಳ ಕೈಖರ್ಚೂ ಊರಾಚೆಯ ಗುಂಡಿಗೆ ಹೋದವು. ಹಳೆಯ ಕಾಲದವರು ಏಪ್ರಿಲಿನಲ್ಲಿ ಅದನ್ನು ಹಾಕುತ್ತಿರಲಿಲ್ಲ ಎಂಬುದನ್ನು ನಾನು ಯೋಚಿಸಿರಲಿಲ್ಲ.

ಎಂಟನೆಯ ದಿನ ತುಂಡನ್ನು ತಣ್ಣೀರಿನಲ್ಲಿ ಒಮ್ಮೆ ತೊಳೆದು, ದಾರದಿಂದ ಸುತ್ತಿ ಕಟ್ಟಿ, ಮುಳುಗುವಷ್ಟು ನೀರಿಟ್ಟು ಒಲೆಯ ಮೇಲಿಟ್ಟೆವು. ನೆನೆಹಾಕುವ ಕೆಲಸವಿಲ್ಲ. ನೀರಿಗೆ ಒಂದು ಈರುಳ್ಳಿ, ಹತ್ತು ಮೆಣಸು. ಕುದಿ ಬಂದೊಡನೆ ಉರಿ ತಗ್ಗಿಸಬೇಕು. ನೀರು ಕೊತಕೊತ ಕುದಿಯಬಾರದು, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿದ್ದರೆ ಸಾಕು. ಜೋರಾಗಿ ಕುದಿಸಿದರೆ ಎಳೆಗಳು ಹಿಂಡಿದಂತಾಗಿ ಮಾಂಸ ಒಣಗುತ್ತದೆ. ಹೀಗೆ ಒಂದೂವರೆಯಿಂದ ಎರಡು ಗಂಟೆ. ಹಂದಿಯ ಮಾಂಸದಲ್ಲಿ ಹುಳುವಿನ ಮೊಟ್ಟೆಮರಿಗಳಿರುವ ಭಯವುಂಟು. ನಡುಮಧ್ಯದ ಉಷ್ಣಮಾನ 75 ಡಿಗ್ರಿ ಮುಟ್ಟಿದರೆ ಆ ಭಯವಿಲ್ಲ, ಇಷ್ಟು ಹೊತ್ತಿನಲ್ಲಿ ಅದು ಧಾರಾಳವಾಗಿ ಮುಟ್ಟಿರುತ್ತದೆ. ನಿಧಾನವಾಗಿ ಬೇಯುವಾಗ ಗಟ್ಟಿ ನರಗಳು ಕರಗಿ ಗೋಂದಾಗುತ್ತವೆ. ಬೆಂದ ಮಾಂಸವನ್ನು ಬಿಸಿಯಿರುವಾಗಲೇ ತಟ್ಟೆಯಲ್ಲಿಟ್ಟು ಮೇಲೊಂದು ತಟ್ಟೆ ಮುಚ್ಚಿ, ಆಂಟಿಯ ರುಬ್ಬುಗುಂಡನ್ನು ಹೇರಿದರೆ ಆ ಗೋಂದು ಆರುತ್ತ ಆರುತ್ತ ತುಂಡನ್ನು ಇಟ್ಟಿಗೆಯಂತೆ ಒಂದುಗೂಡಿಸುತ್ತದೆ. ಒಂದು ಗಂಟೆ ಗುಂಡಿನಡಿ, ಆಮೇಲೆ ಒಂದು ರಾತ್ರಿ ಫ್ರಿಜ್ಜಿನಲ್ಲಿ. ಬಿಸಿಯಾಗಿದ್ದಾಗ ಕೊಯ್ಯುವ ಆತುರ ಎಲ್ಲರಿಗೂ ಬರುತ್ತದೆ. ಕೊಯ್ದರೆ ಹರಿಯುತ್ತದೆ. ಎಳೆಗಳು ಯಾವ ಕಡೆ ಓಡಿವೆಯೆಂದು ನೋಡಿ ಅವಕ್ಕೆ ಅಡ್ಡವಾಗಿ, ಚೂಪಾದ ಚಾಕುವಿನಿಂದ ಕೊಯ್ಯಬೇಕು.

ಇದನ್ನು ದಿನದ ತಿಂಡಿ ಮಾಡಿಕೊಳ್ಳುವವರಿಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ, ಉಪ್ಪಿಟ್ಟ, ಹೊಗೆಯಿಟ್ಟ, ಅಥವಾ ಇನ್ನಾವುದೋ ರೀತಿಯಲ್ಲಿ ಸಂಸ್ಕರಿಸಿದ ಮಾಂಸವನ್ನು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ದಿನವೂ 50 ಗ್ರಾಂ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ನೂರಕ್ಕೆ 18ರಷ್ಟು ಹೆಚ್ಚೆಂದು ಅದರ ಅಂದಾಜು. ಮನೆಯಲ್ಲಿ, ನೈಟ್ರೈಟ್ ಇಲ್ಲದೆ ಮಾಡಿದ್ದರಿಂದ ನಮ್ಮ ಮಾಂಸ ಈ ಮಾತಿನಿಂದ ಪೂರ್ತಿ ಪಾರಾಯಿತೆಂದು ನಾನು ಹೇಳಲಾರೆ. ಆಂಟಿಯ ಮನೆಯಲ್ಲಿ ಇದು ವರ್ಷಕ್ಕೊಮ್ಮೆ ಮಾಡುವ ಅಡಿಗೆಯಾಗಿತ್ತು. ಹಾಗೆಯೇ ಇದ್ದರೆ ಒಳ್ಳೆಯದು.

ಕ್ರಿಸ್‌ಮಸ್ಸಿನ ಬೆಳಿಗ್ಗೆ ಆಂಟಿ ಮೊದಲ ಹೋಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಣ್ಣ ನೋಡಿ ಮೂತಿ ತಿರುವಿದರು. “ಹಳೆ ಚಪ್ಪಲಿ ಥರ ಇದೆ” ಎಂದರು. ಬಾಯಿಗಿಟ್ಟುಕೊಂಡು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಬ್ರೆಡ್ಡಿಗೆ ಸಾಸಿವೆ ಸವರತೊಡಗಿದರು. ಮಧ್ಯಾಹ್ನ ಮಗಳ ಫೋನು ಬಂದಾಗ ಅವರೇ ಅಳತೆ ಹೇಳಿದರು: ಕಿಲೋಗೆ ಇಪ್ಪತ್ತೈದು ಗ್ರಾಂ, ಎಂಟು ದಿನ, ಹಿಡಿಯಲ್ಲಿ ಅಳೆಯಬೇಡ, ಅಲ್ಲಿಯ ಉಪ್ಪು ಹೇಗಿದೆಯೋ ಏನೋ. ಕೇರಿಯಲ್ಲಿ ಹಂಚಿ ಮಿಕ್ಕ ತುಂಡು ನಾಲ್ಕನೆಯ ದಿನ ಬೆಳಿಗ್ಗೆ ಮೊಟ್ಟೆಯ ಜೊತೆ ಹುರಿದು ಮುಗಿಯಿತು. ತಕ್ಕಡಿಯನ್ನು ನಾನು ಮರುದಿನ ಅಂಗಡಿಗೆ ಹಿಂದಿರುಗಿಸಿದೆ.